ಬೆಲ್ಲದ ವ್ಯಾಪಾರಿಯ ಗಾಂಭೀರ್ಯ

"ಗುರುಗಳೇ, ನಾಳೆಯಿಂದ ಮೌನವ್ರತ ಹಿಡಿಯಬೇಕೆಂದಿದ್ದೇನೆ. ಮಾತಿಗಿಂತ ಮೌನ ದೊಡ್ಡದಲ್ಲವೇ?"

ಕೇಳಿದವನು ಮಠದ ಶಿಷ್ಯ ಮುರುಗೇಂದ್ರ. ಅವನ ದವಡೆಯ ಹಲ್ಲೊಂದು ಹುಳುಕಾಗಿ ಬಹಳ ಕಾಲವಾಗಿತ್ತು. ನೋವಿಗೆ ನಿದ್ದೆ ಬರುತ್ತಿರಲಿಲ್ಲ, ಪಾಠ ತಲೆಗೆ ಹತ್ತುತ್ತಿರಲಿಲ್ಲ. ದೇಹದ ಮೋಹ ಬಿಟ್ಟವನು ಹಲ್ಲಿಗಾಗಿ ಗೋಳಾಡಬಾರದೆಂದು ಅವನು ಯಾರಿಗೂ ಹೇಳಿರಲಿಲ್ಲ. ಮೌನ ಹಿಡಿದರೆ ಯಾರೂ ಮಾತಾಡಿಸುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ ಎಂಬುದು ಅವನ ಎಣಿಕೆ.

ಗುರುಗಳು ಅವನ ಊದಿದ ಕೆನ್ನೆಯನ್ನೊಮ್ಮೆ ನೋಡಿದರು. "ಒಂದು ಕತೆಯಿದೆ. ಕತೆ ಹೇಳುವ ಹದ ನನಗೆ ತಿಳಿಯದು. ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತೇನೆ. ಬೇಸರಿಸದೆ ಕೇಳು" ಎಂದು ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಬೆಲ್ಲವನ್ನು ಕಚ್ಚಿ ನೋಡಿಯೇ ಕೊಳ್ಳುವುದು ಅವನ ಪದ್ಧತಿ. ಹಲ್ಲಿಗೆ ಅಂಟಿದರೆ ಪಾಕ ಎಳೆಯದು, ಪುಡಿಯಾದರೆ ಬಲಿತದ್ದು. ಅವನು ಮಹಾ ಮಾತುಗಾರ. ಅಂಗಡಿಯ ಮುಂದೆ ಸದಾ ನಗು. ಆದರೆ ದಿನವಿಡೀ ಬೆಲ್ಲ ಕಚ್ಚಿ, ಬಾಯಿ ಮುಕ್ಕಳಿಸದೆ, ಅವನ ಹಲ್ಲುಗಳು ಕೆಟ್ಟವು. ಬಾಯಿ ನಾರತೊಡಗಿತು. ನಾಚಿಕೆಯಿಂದ ಶಲ್ಯದ ಅಂಚನ್ನು ಬಾಯಿಗೆ ಹಿಡಿದ. ನಗು ನಿಂತಿತು. ಮದುವೆಮನೆಯ ಊಟ ಬಿಟ್ಟ. ಮನೆಯಲ್ಲೂ ಗೋಡೆಗೆ ಮುಖಮಾಡಿ ಗಂಜಿ ಕುಡಿದ. ಪೇಟೆಯವರು ಬೇರೆಯೇ ತಿಳಿದರು. "ವಯಸ್ಸಿಗೆ ತಕ್ಕ ಗಾಂಭೀರ್ಯ ಬಂತು" ಎಂದು ಅವನನ್ನು ನ್ಯಾಯದ ಕಟ್ಟೆಯ ಮೇಲೆ ಕೂರಿಸಿದರು. ಅವನಿಗೂ ಅದು ಹಿತವಾಯಿತು.

ಬೆಲ್ಲ ಕಚ್ಚುವ ಕೆಲಸವನ್ನು ಗುಟ್ಟಾಗಿ ಒಬ್ಬ ಹಮಾಲಿಗೆ ಒಪ್ಪಿಸಿದ. ಅವನು ರುಚಿ ನೋಡಿ ಹೇಳಬೇಕು. ಉಳಿದ ಅಚ್ಚು ಅವನಿಗೇ. ಒಂದು ದಿನ ಹಮಾಲಿಯ ಚೀಲದಲ್ಲಿ ಬೆಲ್ಲದ ಅಚ್ಚು ಸಿಕ್ಕಿತು. ಕದ್ದನೆಂದು ಕಟ್ಟೆಗೆ ಎಳೆತಂದರು.

"ಯಜಮಾನ್ರೇ, ಕಚ್ಚಿ ನೋಡು ಅಂತ ನೀವೇ ಕೊಟ್ಟಿದ್ದಲ್ವಾ? ಒಂದೇ ಒಂದು ಮಾತು ಹೇಳಿ!" ಎಂದ ಹಮಾಲಿ.

"ಕೇಳಿದಿರಾ! ಯಜಮಾನರು ಇವನ ಕೈಲಿ ಕಚ್ಚಿಸುತ್ತಾರಂತೆ. ಯಾಕಪ್ಪಾ, ಅವರಿಗೆ ಹಲ್ಲಿಲ್ಲವೇ?" ಎಂದು ಒಬ್ಬ ಅಣಕಿಸಿದ.

ಎಲ್ಲರೂ ನಕ್ಕರು. ನಿಜ ಹೇಳಿದರೆ ಬಾಯಿಯ ಗುಟ್ಟು ಬಯಲಾಗುತ್ತದೆ. ವ್ಯಾಪಾರಿ ಶಲ್ಯವನ್ನು ಬಿಗಿಹಿಡಿದು ಸುಮ್ಮನೆ ಕುಳಿತ. ಕಳ್ಳತನದ ಆರೋಪಕ್ಕೆ ಯಜಮಾನರ ಮೌನವೇ ಸಮ್ಮತಿಯೆಂದು ಜನ ತೀರ್ಮಾನಿಸಿದರು. ಹಮಾಲಿಯ ಕೆಲಸ ಹೋಯಿತು.

ವ್ಯಾಪಾರಿಗೆ ಆ ದಿನ ಗಂಜಿಯೂ ಇಳಿಯಲಿಲ್ಲ. ಮರುದಿನವೇ ಹಲ್ಲಿನ ವೈದ್ಯರಲ್ಲಿಗೆ ಹೋಗಿ ಕೆಟ್ಟ ಹಲ್ಲುಗಳನ್ನು ಕೀಳಿಸಿಕೊಂಡ. ಬಾಯಲ್ಲಿ ಹತ್ತಿಯಿರುವಾಗಲೇ ನೇರ ಕಟ್ಟೆಗೆ ಬಂದು ಶಲ್ಯ ತೆಗೆದ. "ಬೆಲ್ಲ ಕೊಟ್ಟವನು ನಾನು" ಎಂದು ತೊದಲಿದ. ಜನ ನಕ್ಕರು. ಮತ್ತೆ ಹೇಳಿದ. ಹಮಾಲಿಯನ್ನು ಕೆಲಸಕ್ಕೆ ಕರೆಸುವವರೆಗೂ ಹೇಳುತ್ತಲೇ ಇದ್ದ.

"ಇದರ ಅರ್ಥವನ್ನೂ ಹೇಳುತ್ತೇನೆ" ಎಂದರು ಗುರುಗಳು. "ಹಲ್ಲಿರುವುದು ಬರೀ ಅಗಿಯುವುದಕ್ಕಲ್ಲ. ಊಟ, ನಗು, ನಾಲ್ಕು ಜನರ ಒಡನಾಟ, ಕೊನೆಗೆ ಸತ್ಯವೂ ಬರಬೇಕಾದದ್ದು ಅದೇ ಬಾಗಿಲಿಂದ. ಬಾಗಿಲು ಎಂದರೆ ಇಲ್ಲಿ..."

"ಬುದ್ಧೀ, ಪೇಟೆಗೆ ಹೋಗುವ ಗಾಡಿ ಬಂತು!" ಎಂದು ಅಡುಗೆಯವರು ಹೊರಗಿನಿಂದ ಕೂಗಿದರು.

ಗುರುಗಳು ಮಾತನ್ನು ಅಲ್ಲಿಗೇ ಬಿಟ್ಟು ಎದ್ದರು. ಮುರುಗೇಂದ್ರನ ಕೈ ಹಿಡಿದು ಅವನನ್ನೂ ಎಬ್ಬಿಸಿದರು.

"ಮೊದಲು ವೈದ್ಯರ ಮುಂದೆ ಬಾಯಿ ಬಿಡು, ಆಮೇಲೆ ಮೌನ ಹಿಡಿ."