ಏಳು ನೀರಿನ ಉಣ್ಣೆ

ಕಣಿವೆಹಟ್ಟಿಯ ಪೂಜ್ಯ ಚಿಕ್ಕೊಡೆಯರಿಗೆ ಮಠವೆಂಬುದು ಇರಲಿಲ್ಲ. ಕುರಿರೊಪ್ಪದ ಪಕ್ಕದಲ್ಲಿ ಹುಲ್ಲು ಹೊದಿಸಿದ ಗುಡಿಸಲೊಂದರಲ್ಲಿ ವಾಸವಾಗಿದ್ದರು. ಬಂದವರ ಕಷ್ಟ ಕೇಳುವಾಗಲೂ ಅವರ ಕೈಯಲ್ಲಿ ಉಣ್ಣೆ ನೂಲುವ ಕದಿರು ತಿರುಗುತ್ತಲೇ ಇರುತ್ತಿತ್ತು.

ಮೂರು ವರ್ಷಕ್ಕೊಮ್ಮೆ, ಹುಣ್ಣಿಮೆಯೊಂದರಂದು, ಹಟ್ಟಿಯವರು ಅವರಿಗೆ ಹೊಸ ಗದ್ದುಗೆ ಕಂಬಳಿ ಒಪ್ಪಿಸುವರು. ಅದಕ್ಕೆ ಮನೆಮನೆಯ ಹೆಂಗಸೂ ಒಂದೊಂದು ಉಂಡೆ ಉಣ್ಣೆಯ ನೂಲು ಕೊಡಬೇಕು. ಯಾವ ಮನೆಯ ನೂಲು ಸೇರಲಿಲ್ಲವೋ ಆ ಮನೆ ಹಟ್ಟಿಯದಲ್ಲ ಎಂದೇ ಅರ್ಥ. ಅದರ ಕುರಿಗಳಿಗೆ ರೊಪ್ಪದಲ್ಲಿ ಜಾಗವಿಲ್ಲ.

ಅಂಥದೊಂದು ಕಂಬಳಿಯ ವರ್ಷ ಮಾಳಮ್ಮನ ಗಂಡ ತೀರಿಕೊಂಡಿದ್ದ. “ಮುಂಡೆ ನೂತ ನೂಲಿನ ಮೇಲೆ ಒಡೆಯರು ಕೂರೋದುಂಟಾ?” ಎಂದು ಬಾವಿಕಟ್ಟೆಯಲ್ಲಿ ಯಾರೋ ಅಂದದ್ದು ಅವಳ ಕಿವಿಗೂ ಬಿತ್ತು. ಅವಳು ತನ್ನ ಕುರಿಗಳ ಉಣ್ಣೆ ಕತ್ತರಿಸಿ ಹಳ್ಳಕ್ಕೆ ಒಯ್ದು, ಅಂಟುವಾಳದ ಕಾಯಿ ಕಿವುಚಿ ತೊಳೆದಳು. ಎಲ್ಲರೂ ಒಂದು ನೀರು ತೊಳೆಯುತ್ತಾರೆ. ಅವಳು ಏಳು ನೀರು ತೊಳೆದಳು. ಬೆರಳ ಸಂದಿಗಳು ಬಿರಿದವು. ಒಣಗಿದ ಉಣ್ಣೆಯಲ್ಲಿ ಕುರಿಯ ವಾಸನೆಯೇ ಉಳಿದಿರಲಿಲ್ಲ. ಮನಸ್ಸಿಗೆ ಸಮಾಧಾನವಾಯಿತು.

ಆದರೆ ನೂಲಲು ಕುಳಿತರೆ ಎಳೆ ಮಾರುದ್ದ ಬರುವುದರೊಳಗೆ ತುಂಡಾಗುತ್ತಿತ್ತು. ಗಂಟು ಹಾಕುತ್ತ ಹಾಕುತ್ತ ಹೇಗೋ ಒಂದು ಉಂಡೆ ಮಾಡಿ ಯಜಮಾನ ಬೊಮ್ಮಲಿಂಗಪ್ಪನ ಮಗ್ಗಕ್ಕೆ ಕೊಟ್ಟಳು. ನೇಯುವ ಮುನ್ನ ಹುಣಸೆಬೀಜದ ಗಂಜಿ ಹಚ್ಚುವಾಗಲೇ ನೂಲು ಕಿತ್ತುಬಂತು.

“ದೇವರೇ ಬ್ಯಾಡ ಅಂದ ಮ್ಯಾಲೆ ನಾನ್ಯಾವನು ಕಣಮ್ಮ?” ಎಂದು ಅವನು ಉಂಡೆಯನ್ನು ಅವಳ ಮಡಿಲಿಗೆ ಹಾಕಿದ. “ಹುಣ್ಣಿಮೆಗೆ ಇನ್ನು ನಾಲ್ಕೇ ದಿನ.”

ಉಳಿದ ಉಣ್ಣೆಯನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಮಾಳಮ್ಮ ಒಡೆಯರ ಗುಡಿಸಲಿಗೆ ಬಂದಳು.

“ಬುದ್ಧೀ, ಕುರಿ ಮಾರಿ ತವರಿಗೆ ಹೋಗ್ತೀನಿ. ಅಪ್ಪಣೆ ಕೊಡಿ.”

ಒಡೆಯರು ಬುಟ್ಟಿಯಿಂದ ಒಂದು ಹಿಡಿ ಎತ್ತಿ ಮೂಸಿದರು.

“ಎಷ್ಟು ನೀರು ತೊಳೆದೆ ತಾಯಿ?”

“ಏಳು ನೀರು ಬುದ್ಧಿ. ನನ್ನ ಮೈಲಿಗೆ ಹೋಗ್ಲಿ ಅಂತ.”

“ನಿನ್ನಲ್ಲಿ ಮೈಲಿಗೆ ಇರಲಿಲ್ಲ. ಹೋದದ್ದು ಕುರಿಯ ಜಿಡ್ಡು. ಅದಿಲ್ಲದೆ ಎಳೆ ಹಿಡಿಯದು, ಕಂಬಳಿ ಮಳೆ ತಡೆಯದು.” ಹಿಡಿಯನ್ನು ಬುಟ್ಟಿಗೆ ಹಾಕಿ ಕೇಳಿದರು: “ಉಣ್ಣೆ ಕತ್ತರಿಸದ ಕುರಿ ಉಂಟೆ?”

ಇತ್ತು. ಗಬ್ಬದ ಕುರಿಯೆಂದು ಬಿಟ್ಟಿದ್ದಳು. ಅದು ಮರಿ ಹಾಕಿ ತಿಂಗಳಾಗಿತ್ತು.

“ಒಂದೇ ನೀರು,” ಎಂದು ಒಡೆಯರು ಮತ್ತೆ ಕದಿರು ಹಿಡಿದರು. ಬುಟ್ಟಿಯನ್ನು ಮಾತ್ರ ತಮ್ಮ ಬಳಿಯೇ ಇಟ್ಟುಕೊಂಡರು.

ಆ ಕುರಿಯ ಉಣ್ಣೆ ಕತ್ತರಿಸಿ ಹಳ್ಳದಲ್ಲಿ ಒಂದು ನೀರು ತೊಳೆದಾದ ಮೇಲೆ ಮಾಳಮ್ಮನ ಕೈ ತಾನಾಗಿಯೇ ಅಂಟುವಾಳಕ್ಕೆ ಹೋಯಿತು. ತಡೆದು ನಿಂತಳು. ಉಳಿದ ಕಾಯಿಗಳನ್ನು ಹರಿಯುವ ನೀರಿಗೆ ಚೆಲ್ಲಿ ಉಣ್ಣೆ ಎತ್ತಿಕೊಂಡು ಮನೆಗೆ ಬಂದಳು. ಮರುದಿನ ಎಳೆ ಕದಿರಿನಿಂದ ಒಂದೇ ಸಮನೆ ಬಂತು. ಅವಳು ನೂಲುತ್ತಲೇ ಅತ್ತಳು.

ಅವಳು ಉಂಡೆ ತಂದುಕೊಟ್ಟಾಗ ಒಡೆಯರು ಮಗ್ಗದ ಬಳಿಯೇ ಕುಳಿತಿದ್ದರು. ಬೊಮ್ಮಲಿಂಗಪ್ಪ ನೂಲನ್ನು ಎರಡೂ ಕೈಗೆ ಸುತ್ತಿ ಜಗ್ಗಿದ. ಬೆರಳಿನ ಮೇಲೆ ಗೆರೆ ಮೂಡಿತು, ನೂಲು ಹರಿಯಲಿಲ್ಲ.

“ಮಗ್ಗದವನು ನೀನು. ಮೊದಲ ಉಂಡೆಯನ್ನು ಒಮ್ಮೆ ಮೂಸಿ ನೋಡಬಾರದಿತ್ತೆ?” ಎಂದರು ಒಡೆಯರು. “ನಾವು ಕೂರುವ ನಡುಮಧ್ಯಕ್ಕೆ ಈ ನೂಲು ಹಾಕು.”

ಅವನು ತಲೆ ತಗ್ಗಿಸಿ ಹಾಗೆಯೇ ಮಾಡಿದ.

ಹುಣ್ಣಿಮೆಯಂದು ಗದ್ದುಗೆ ಹಾಸಲು ಹೋದವರು ಒಡೆಯರ ಹಾಸಿಗೆಯ ತಲೆಯ ಕಡೆ ಹೊಸ ದಿಂಬೊಂದನ್ನು ಕಂಡರು. ಅದರೊಳಗಿದ್ದುದು ಏಳು ನೀರಿನ ಉಣ್ಣೆ. ಕೊನೆಯವರೆಗೂ ಅವರು ಅದರ ಮೇಲೆಯೇ ತಲೆಯಿಟ್ಟರು.

ಮಾಳಮ್ಮ ತವರಿಗೆ ಹೋಗಲಿಲ್ಲ. ಕಂಬಳಿಯ ವರ್ಷ ಬಂದಾಗಲೆಲ್ಲ ಹಳ್ಳದ ದಂಡೆಯಲ್ಲಿ ಬಂದು ನಿಲ್ಲುತ್ತಿದ್ದಳು. ಗಂಡನನ್ನು ಕಳೆದುಕೊಂಡ ಹುಡುಗಿಯೊಬ್ಬಳು ಎರಡನೆಯ ನೀರಿಗೆ ಉಣ್ಣೆ ಅದ್ದಲು ಹೋದರೆ ರಟ್ಟೆ ಹಿಡಿದು ಎಬ್ಬಿಸುವಳು.

“ಸಾಕು, ಎತ್ತೇ ಮಗಳೇ. ಒಡೆಯರಿಗೆ ಕುರಿ ವಾಸನೆ ಹೊಸದಲ್ಲ.”