ಎಣ್ಣೆಯ ಕಾಗದದ ಕೆಳಗಿನ ಸಾಲು

“ಅಜ್ಜಾರ, ಸಾಕ್ಷಿ ಕಣ್ಣ ಮುಂದ ಇದ್ದಾಗ್ಲೂ ತಪ್ಪು ಮಾಡಿದವರ ಮ್ಯಾಲೆ ಕರುಣೆ ತೋರಿಸಬೇಕೇನ್ರಿ?”

ಕೇಳಿದವನು ಶಿಷ್ಯ ಗುರುಸಿದ್ದ. ಮಠದ ಉಗ್ರಾಣದ ಹೊಣೆ ಅವನದು. ಒಂದು ತಿಂಗಳಿಂದ ಮಠದ ಹಸುಗಳ ಹಾಲು ಅರ್ಧಕ್ಕೆ ಇಳಿದಿತ್ತು. ಹಾಲು ಕರೆಯುವ ದ್ಯಾಮವ್ವ ಕದಿಯುತ್ತಿದ್ದಾಳೆಂದು ಹೇಳಿ, ಅಂದು ಬೆಳಿಗ್ಗೆ ಅವನು ಅವಳನ್ನು ಕೆಲಸದಿಂದ ಬಿಡಿಸಿದ್ದ. ಅರ್ಧ ತುಂಬಿದ ಕ್ಯಾನೇ ಅವನ ಸಾಕ್ಷಿ.

ಗುರುಗಳ ಮುಖ ಕೆಂಪೇರಿತು. ದೀಕ್ಷೆ ಪಡೆಯುವ ಮುನ್ನ ಅವರು ಇಂಜಿನ್ ಎಣ್ಣೆ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ದುಡಿದವರು. ಶಿಷ್ಯನನ್ನು ಕೂರಿಸಿಕೊಂಡು ಆ ಕಾಲದ ಈ ಕತೆ ಹೇಳಿದರು.

ಒಬ್ಬ ಕಲ್ಲುಕ್ವಾರಿಯ ಮಾಲೀಕನಿದ್ದ. ಅವನ ಬುಲ್ಡೋಜರ್ ಓಡಿಸುತ್ತಿದ್ದವನು ಹುಸೇನಪ್ಪ. ಈ ಹೆಸರನ್ನು ಹೇಳುತ್ತೇನೆ. ಮಾಲೀಕನ ಹೆಸರು ಹೇಳಲು ನನಗೆ ಮನಸ್ಸಿಲ್ಲ. ಇಂಜಿನ್ ಎಣ್ಣೆ ಬದಲಿಸಿದಾಗಲೆಲ್ಲ ಹಳೆಯ ಎಣ್ಣೆಯನ್ನು ಒಂದು ಸಣ್ಣ ಬಾಟಲಿಯಲ್ಲಿ ತುಂಬಿ ನಮ್ಮಲ್ಲಿಗೆ ಕಳಿಸುತ್ತಿದ್ದರು. ಇಂಜಿನ್ನಿನ ಒಳಗೆ ಏನು ಸವೆದರೂ ಅದರ ಪುಡಿ ಎಣ್ಣೆಗೆ ಬಂದು ಸೇರುತ್ತದೆ. ಯಾವ ಪುಡಿ ಎಷ್ಟಿದೆ ಎಂದು ಅಳೆದು, ಒಂದು ಕಾಗದದಲ್ಲಿ ಒಂದರ ಕೆಳಗೊಂದು ಸಾಲು ಬರೆದು ಕಳಿಸುವುದು ನಮ್ಮ ಕೆಲಸ.

ಒಮ್ಮೆ ಕಬ್ಬಿಣದ ಪುಡಿ ಮೂರು ಪಟ್ಟು ಏರಿತು. ಮಾಲೀಕ ಕಾಗದದ ಮೊದಲ ಸಾಲು ಓದಿದ, ಮಡಚಿ ಜೇಬಿಗಿಟ್ಟುಕೊಂಡ. ಓದಿದ್ದು ಅಷ್ಟೇ, ಪುಣ್ಯಾತ್ಮ! ನೀನು ಮನಬಂದಂತೆ ಓಡಿಸಿ ಇಂಜಿನ್ ತಿಂದುಹಾಕಿದೆ ಎಂದು ಕೂಲಿಯವರೆಲ್ಲರ ಮುಂದೆ ಹುಸೇನಪ್ಪನ ಮೇಲೆ ಕೂಗಾಡಿದ.

“ಸಾಹುಕಾರ್ರ, ಕೆಳಗಿನ ಸಾಲನೂ ಓದ್ರಿ. ಗಾಳಿ ಸೋಸೋ ಫಿಲ್ಟರ್ ಹರದೈತಿ ಅಂತ ನಾ ಎರಡು ಸಲ ಹೇಳೀನ್ರಿ,” ಎಂದ ಹುಸೇನಪ್ಪ.

“ನನ್ನ ಅನ್ನಾ ತಿಂದು ನನಗ ಓದೂದು ಕಲಸ್ತೀಯೇನಲೇ? ಕೀಲಿ ಇಟ್ಟು ನಡಿ!”

ಕೆಲಸದಿಂದ ಕಳಿಸಿದ್ದು ಸಾಲದೆಂದು ಸುತ್ತಲಿನ ಕ್ವಾರಿಗಳಿಗೂ ಸುದ್ದಿ ಮುಟ್ಟಿಸಿದ. ಏಳು ವರ್ಷ ಆ ಯಂತ್ರವನ್ನು ಮಗುವಿನಂತೆ ನೋಡಿಕೊಂಡವನನ್ನು ಆಮೇಲೆ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಅವನು ಸಂತೆಪೇಟೆಯಲ್ಲಿ ಮೂಟೆ ಹೊತ್ತ. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಹೊಸ ಡ್ರೈವರ್ ಬಂದ. ಹೆದರಿ ಹೆದರಿ ಮೆಲ್ಲಗೆ ಓಡಿಸಿದ. ಆದರೂ ಎರಡು ತಿಂಗಳಲ್ಲಿ ಇಂಜಿನ್ ಹಿಡಿದುಕೊಂಡು ನಿಂತೇಹೋಯಿತು. ಆಗ ಮಾಲೀಕ ನನ್ನನ್ನು ಕರೆಸಿದ. ನಾನು ಹಳೆಯ ಕಾಗದ ತರಿಸಿ, ಕೆಳಗಿನ ಸಾಲಿನ ಮೇಲೆ ಬೆರಳಿಟ್ಟೆ. ಅಲ್ಲಿ ಸಿಲಿಕಾನ್ ಎಂದಿತ್ತು. ಕ್ವಾರಿಯಲ್ಲಿ ಅದು ಕಲ್ಲಿನ ದೂಳಲ್ಲದೆ ಬೇರೇನು? ಇರಬೇಕಾದ್ದಕ್ಕಿಂತ ಎಂಟು ಪಟ್ಟು ಇತ್ತು. ಕಬ್ಬಿಣ ಒಂದೇ ಏರಿದ್ದರೆ ಹತ್ತು ಕಾರಣ ಹುಡುಕಬಹುದು. ಕಬ್ಬಿಣ, ಪಿಸ್ಟನ್ನಿನ ಅಲ್ಯೂಮಿನಿಯಂ, ಜೊತೆಗೆ ದೂಳು, ಈ ಮೂರೂ ಒಟ್ಟಿಗೆ ಏರಿದರೆ ಮೊದಲು ಗಾಳಿ ಒಳಗೆ ಹೋಗುವ ದಾರಿಯನ್ನು ನೋಡಬೇಕು.

ಬಿಚ್ಚಿ ನೋಡಿದೆ. ಫಿಲ್ಟರ್ ಬೆರಳು ತೂರುವಷ್ಟು ಹರಿದಿತ್ತು. ಅಲ್ಲಿಂದ ಸೇರಿದ ದೂಳೆಲ್ಲ ಒಳಗೆ ಕೂತು ಕಬ್ಬಿಣವನ್ನು ಅರೆದುಹಾಕಿತ್ತು. ಹೊಸ ಫಿಲ್ಟರ್ ಏತಕ್ಕೆ, ಹಳೆಯದನ್ನೇ ಕಲ್ಲಿಗೆ ಬಡಿದು ದೂಳು ಕೊಡವಿ ಹಾಕಿರಿ ಎಂದು ತಾಕೀತು ಮಾಡಿದ್ದವನು ಮಾಲೀಕನೇ. ಬಡಿದೂ ಬಡಿದೂ ಅದು ಹರಿದಿತ್ತು.

ಮಾಲೀಕ ಹೊಸ ಇಂಜಿನ್ ಹಾಕಿಸಿದ. ಹೊಸ ಫಿಲ್ಟರನ್ನೂ ಹಾಕಿಸಿದ. ಹುಸೇನಪ್ಪನ ಹೆಸರನ್ನು ಮಾತ್ರ ಎತ್ತಲಿಲ್ಲ. ನಾಚಿಕೆ ಬಿಟ್ಟವನು! ನಾನು ಕೇಳಿದ್ದಕ್ಕೆ, ಆಗಿದ್ದು ಆಗಿಹೋಯಿತು ಬಿಡಿ ಎಂದ.

ಗುರುಗಳು ಕತೆ ನಿಲ್ಲಿಸಿದರು. ಕೇಳುತ್ತ ಕೇಳುತ್ತ ಗುರುಸಿದ್ದನಿಗೂ ಸಿಟ್ಟು ಬಂದಿತ್ತು.

“ಎಂಥಾ ಪಾಪಿ ರೀ ಅಜ್ಜಾರ ಅವ! ತನ್ನ ತಪ್ಪು ಬಡವನ ತಲಿಗೆ ಕಟ್ಟಿದ್ನಲ್ಲ!”

ಗುರುಗಳು ಅವನನ್ನೇ ನೋಡಿದರು.

“ಹಸುಗಳಿಗೆ ಹಿಂಡಿ ಯಾಕ ದಂಡ ಅಂತ ಹೋದ ತಿಂಗಳ ನಿಲ್ಲಿಸಿದವ್ರು ಯಾರಪಾ, ಗುರುಸಿದ್ದ?”