ಬೆನ್ನಿಗೆ ಬೆನ್ನು

ಹೊಲ ಉಳುವಾಗ ರೋಮಿನ ಬೆಳ್ಳಿ ನಾಣ್ಯವೊಂದು ಸಿಕ್ಕಿತು. ಒಂದು ಮುಖದಲ್ಲಿ ಎಲೆಗಳ ಕಿರೀಟ ತೊಟ್ಟ ದೊರೆ, ಇನ್ನೊಂದರಲ್ಲಿ ರೆಂಬೆ ಹಿಡಿದು ಪೀಠದ ಮೇಲೆ ಕೂತ ಅವನ ತಾಯಿ. ನಾಗವ್ವಜ್ಜಿ ಅದನ್ನು ತೊಳೆದು ನೋಡಿ, "ಇವಳು ನಮ್ಮ ಲಕ್ಷ್ಮಿಯೇ, ಕೈಯಲ್ಲಿ ತಾವರೆ ಇದೆ ನೋಡು" ಎಂದು ಸೊಸೆಗೆ ತೋರಿಸಿ ಕುಂಕುಮ ಹಚ್ಚಿದಳು. ಅಕ್ಕಸಾಲಿಯಿಂದ ಕೊಂಡಿ ಹಾಕಿಸಿ, ಕರಿದಾರಕ್ಕೆ ಪೋಣಿಸಿ, ಲಕ್ಷ್ಮಿ ಹೊರಗೆ ಕಾಣುವಂತೆ ಮೊಮ್ಮಗಳ ಕೊರಳಿಗೆ ಕಟ್ಟಿದಳು.

ದೊರೆಗೆ ಸಿಟ್ಟು ಬಂತು. "ಅಮ್ಮಾ, ಇದೆಂಥ ಅನ್ಯಾಯ! ನಾಣ್ಯ ನನ್ನದು, ಅದರ ಮೇಲಿನ ಹೆಸರು ನನ್ನದು. ಕುಂಕುಮ ಮಾತ್ರ ನಿನಗೆ, ಕತ್ತಲೆ ನನಗೆ."

"ಹೆಸರು ತಪ್ಪಿದರೂ ಅಜ್ಜಿ ಕರೆದದ್ದು ಅಕ್ಕರೆಯಿಂದ," ಎಂದಳು ತಾಯಿ. "ಸಿಟ್ಟು ಬಿಟ್ಟು ಕಿವಿಗೊಡು. ಏನು ಕೇಳುತ್ತಿದೆ?"

"ನಗಾರಿ. ಆದರೆ ಇಷ್ಟು ಮೆತ್ತಗಿನ ನಗಾರಿ ನನ್ನ ದಂಡಿನಲ್ಲಿ ಇರಲಿಲ್ಲ."

"ಅದು ಮಗುವಿನ ಎದೆ."

ದೊರೆ ಆ ಸದ್ದಿಗೆ ಕಿವಿಯಾನಿಸಿದ. ಆಮೇಲೆ ಒಮ್ಮೆಯೂ ದೂರು ಹೇಳಲಿಲ್ಲ.

ಒಂದು ದಿನ ಮಗು ಅಂಗಳದಲ್ಲಿ ಕುಣಿಯುವಾಗ ನಾಣ್ಯ ಮಗುಚಿಕೊಂಡಿತು. ದೊರೆಯ ಮುಖಕ್ಕೆ ಬಿಸಿಲು ಬಿತ್ತು. ನೆರೆಯವರೆಲ್ಲ "ಯಾರೀ ರಾಜ?" ಎಂದು ಬಗ್ಗಿ ನೋಡಿದರು. ಅವನಿಗೆ ಅದು ಬೇಕಿರಲಿಲ್ಲ.

"ಅಮ್ಮಾ, ಬೇಗ ತಿರುಗು. ನನಗೆ ಆ ಸದ್ದು ಕೇಳಿಸುತ್ತಿಲ್ಲ."

ತಾಯಿ ಈಗ ಮಗುವಿನ ಎದೆಗೆ ಒರಗಿದ್ದಳು.

"ಸ್ವಲ್ಪ ತಾಳು ಮಗನೇ," ಎಂದಳು. "ನಿನ್ನನ್ನು ಎತ್ತಿಕೊಂಡಿದ್ದಾಗ ಕೇಳಿದ್ದು. ಆಮೇಲೆ ಇವತ್ತೇ."